ಪಟ್ಟುಗಳ ಪಟ್ಟಿ ಆಮೇಲೆ ಬರೆ

ದಾಳ ಉರುಳಿಸಿ ಆಡುವ ರೋಲ್‌ಪ್ಲೇಯಿಂಗ್ ಆಟಕ್ಕೆ ಹೊಸದೊಂದು ಮಲ್ಲಯುದ್ಧದ ಪದ್ಧತಿ ಕಟ್ಟಲು ಹೊರಟಿದ್ದೀಯ. ಬಹಳ ಸಂತೋಷ. ಆದರೆ ನಿನ್ನ ನೋಟ್‌ಬುಕ್ಕಿನ ತುಂಬ ಆಗಲೇ ಪಟ್ಟುಗಳ ಹೆಸರು, ಪ್ರತಿಯೊಂದರ ಎದುರೂ ಒಂದು ಅಂಕಿ. ಆ ಪಟ್ಟಿಯನ್ನು ಸದ್ಯಕ್ಕೆ ಮುಚ್ಚಿಡಪ್ಪ. ಮೊದಲು ಒಂದೇ ಪ್ರಶ್ನೆಗೆ ಉತ್ತರ ಬರೆ: ಈ ಕಾಳಗ ಯಾವಾಗ ಮುಗಿಯುತ್ತದೆ?

ವಿಜಯದಶಮಿಯಂದು ಮೈಸೂರು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನೇ ತೆಗೆದುಕೋ. ತಲೆ ಬೋಳಿಸಿಕೊಂಡ ಜಟ್ಟಿಗಳು, ಬೆರಳುಗಳಿಗೆ ಮೊನಚಾದ ಆಯುಧ. ಎದುರಾಳಿಯ ತಲೆಯಲ್ಲಿ ರಕ್ತ ಕಂಡಿತೋ, ಕಾಳಗ ಅಲ್ಲಿಗೆ ಮುಗಿಯಿತು. ಎಷ್ಟೋ ಸಲ ಒಂದು ನಿಮಿಷವೂ ಹಿಡಿಯುವುದಿಲ್ಲ. ಗರಡಿಯ ಕುಸ್ತಿಯಲ್ಲಾದರೆ ಬೆನ್ನು ಮಣ್ಣಿಗೆ ತಾಗಿಸಿ ಚಿತ್ ಮಾಡಬೇಕು. ಗೆಲ್ಲುವ ಬಗೆ ಬೇರೆಯಾದ ಕೂಡಲೇ ನಿಲ್ಲುವ ಭಂಗಿ, ಕಾಯುವ ತಾಳ್ಮೆ, ಮೈಮೇಲೆ ಎಳೆದುಕೊಳ್ಳುವ ಅಪಾಯ ಎಲ್ಲವೂ ಬದಲಾಗುತ್ತವೆ. ನಿನ್ನ ನಿಯಮಗಳೂ ಹಾಗೆಯೇ ಆ ಕೊನೆಯಿಂದ ಹಿಂದಕ್ಕೆ ಬೆಳೆದು ಬರಬೇಕು.

1974ರಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ‘ಹಿಟ್ ಪಾಯಿಂಟ್’ ಲೆಕ್ಕ ನಿನಗೆ ಗೊತ್ತೇ ಇದೆ. ಪೆಟ್ಟು ಬಿದ್ದಷ್ಟೂ ಅಂಕಿ ಇಳಿಯುತ್ತದೆ, ಸೊನ್ನೆಯಾದರೆ ಬಿದ್ದ. ಆಟ ರೂಪಿಸಿದ ಇಬ್ಬರಲ್ಲಿ ಒಬ್ಬನಾದ ಡೇವ್ ಆರ್ನೆಸನ್ ಈ ಲೆಕ್ಕವನ್ನು ಯುದ್ಧನೌಕೆಗಳ ಆಟದಿಂದ ತಂದದ್ದಾಗಿ ಹೇಳಿಕೊಂಡಿದ್ದ. ಹಡಗಿಗೆ ಅದು ಸರಿ. ತೂತು ಬಿದ್ದಂತೆಲ್ಲ ಅದು ನಿಧಾನಕ್ಕೆ ಮುಳುಗುತ್ತದೆ. ಪೈಲ್ವಾನ ಹಾಗೆ ಸೋಲುವುದಿಲ್ಲ. ಸಮಸಮವಾಗಿ ಸೆಣಸುತ್ತಿದ್ದವನು ಒಂದು ಕ್ಷಣ ತೂಕ ತಪ್ಪಿದ್ದಕ್ಕೆ ಮಲಗಿಬಿಡುತ್ತಾನೆ.

ಅಂಕಿ ಇಳಿಸುವ ಲೆಕ್ಕವನ್ನೇ ಇಟ್ಟುಕೊಂಡರೆ ಏನಾಗುತ್ತದೆ, ನೋಡು. ತಾಗುವ ಸಾಧ್ಯತೆ ಅರ್ಧ, ಬೀಳಿಸಲು ಮೂರು ಪೆಟ್ಟು ಬೇಕು ಎಂದಿಟ್ಟುಕೋ. ಒಬ್ಬ ಎದುರಾಳಿಯನ್ನು ಕೆಡವಲು ಸರಾಸರಿ 6 ಸರದಿ. ಮೇಜಿನ ಸುತ್ತ ಐದು ಜನ, ತಲಾ ಎರಡು ನಿಮಿಷ. ಒಂದು ಜಗಳಕ್ಕೆ ಒಂದು ಗಂಟೆ! ಅದರಲ್ಲಿ ಬಹುಪಾಲು ‘ಹೊಡೆದೆ, ತಪ್ಪಿತು’ ಎಂಬ ಮಾತೇ.

ಇನ್ನು ನಿಜವಾದ ವಿಷಯಕ್ಕೆ ಬರುತ್ತೇನೆ. ಎದುರಾಳಿಯ ಮನಸ್ಸನ್ನು ಓದುವುದೇ ಕುಸ್ತಿಯ ಜೀವ. ಅವನು ನುಗ್ಗುತ್ತಾನೋ, ನುಗ್ಗುವಂತೆ ತೋರಿಸಿ ಕಾಲಿಗೆ ಕೈ ಹಾಕುತ್ತಾನೋ? ಆ ಊಹೆ ನಿನ್ನ ಮೇಜಿನ ಮೇಲೂ ನಡೆಯಬೇಕು. 1994ರ ‘ಸ್ಟ್ರೀಟ್ ಫೈಟರ್’ ರೋಲ್‌ಪ್ಲೇಯಿಂಗ್ ಆಟದಲ್ಲಿ ಪ್ರತಿ ಆಟಗಾರನೂ ತನ್ನ ವರಸೆಯ ಕಾರ್ಡನ್ನು ಗುಟ್ಟಾಗಿ ಆರಿಸಿಕೊಳ್ಳಬೇಕು. ನಿಧಾನದ ವರಸೆಯವನು ಮೊದಲು ಶುರುಮಾಡುತ್ತಾನೆ, ವೇಗದವನು ನಡುವೆಯೇ ನುಗ್ಗಿ ತಡೆಯಬಹುದು. ಬಹಳ ಜಾಣ ಏರ್ಪಾಡು ಅದು. ಭಾರಿ ಪೆಟ್ಟು ಆರಿಸಿದವನಿಗೆ ದಾಳ ಉರುಳುವ ಮೊದಲೇ ಎದೆ ಡವಗುಟ್ಟುತ್ತದೆ.

ಇದರ ಜೊತೆಗೆ ಸ್ಥಿತಿಗಳನ್ನು ಇಡು: ದೂರ ನಿಂತಿರುವುದು, ಕೈಗೆ ಕೈ ಕೊಟ್ಟು ಹಿಡಿದಿರುವುದು, ನೆಲಕ್ಕೆ ಬಿದ್ದಿರುವುದು. ಪ್ರತಿ ಪಟ್ಟೂ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಒಯ್ಯಲಿ, ಪ್ರತಿಯೊಂದಕ್ಕೂ ಒಂದು ಮರುಪಟ್ಟು ಇರಲಿ. ಮರುಪಟ್ಟೇ ಇಲ್ಲದ ಪಟ್ಟನ್ನು ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕು. ಇಲ್ಲದಿದ್ದರೆ ಎಲ್ಲರೂ ಅದನ್ನೇ ಹಿಡಿದು ಕೂರುತ್ತಾರೆ.

ದಾಳದ ವಿಷಯದಲ್ಲಿ ನನ್ನ ಪಕ್ಷ ಸ್ಪಷ್ಟ. 20 ಮುಖದ ಒಂದೇ ದಾಳದಲ್ಲಿ ಪ್ರತಿ ಅಂಕಿಗೂ ಶೇ. 5ರಷ್ಟೇ ಸಾಧ್ಯತೆ. ವರ್ಷಗಟ್ಟಲೆ ಸಾಮು ಮಾಡಿದವನೂ ಹೊಸಬನಷ್ಟೇ ಸುಲಭವಾಗಿ 1ಕ್ಕೆ ಜಾರುತ್ತಾನೆ. ಆರು ಮುಖದ ಮೂರು ದಾಳ ಕೂಡಿಸಿದರೆ 10 ಅಥವಾ 11 ಬೀಳುವ ಸಾಧ್ಯತೆ ನಾಲ್ಕರಲ್ಲೊಂದು, 3 ಬೀಳುವುದು 216ರಲ್ಲಿ ಒಮ್ಮೆ. ಪಳಗಿದ ಕೈಗೆ ಈ ಮೂರು ದಾಳವೇ ನ್ಯಾಯ.

12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಎಂಬ ಭಾಗವೇ ಇದೆ. ಅಲ್ಲಿ ಮಲ್ಲರ ವರ್ಗ, ವ್ಯಾಯಾಮ, ಊಟ ಎಲ್ಲ ಬರುತ್ತದೆ. ಓದು. ಎರಡು ಕಾಳಗಗಳ ನಡುವೆ ಪಾತ್ರ ಏನು ತಿಂದಿತು, ಯಾರ ಬಳಿ ಕಲಿಯಿತು ಎಂಬುದಕ್ಕೂ ನಿಯಮ ಹೊಳೆಯುತ್ತದೆ.

ಈಗ ಮೂರು ಸ್ಥಿತಿ, ಆರು ಪಟ್ಟು, ಒಂದು ಕೊನೆ. ಇಷ್ಟನ್ನೇ ಒಂದು ಹಾಳೆಯಲ್ಲಿ ಬರೆದು ಇಬ್ಬರು ಗೆಳೆಯರ ಕೈಗೆ ಕೊಡು. ಸಾಧ್ಯವಾದರೆ ಅವರಲ್ಲೊಬ್ಬ ಗರಡಿಗೆ ಹೋಗುವವನಾಗಿರಲಿ. ನೀನು ಪಕ್ಕದಲ್ಲಿ ಕೂತು, ಏನನ್ನೂ ವಿವರಿಸದೆ, ಅವರು ಎಲ್ಲಿ ತಡವರಿಸುತ್ತಾರೆ ಎಂಬುದನ್ನು ಬರೆದುಕೋ.