ಬರಡು ನೆಲಕ್ಕೆ ಕವಳೆ ಬೇಲಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಕೊಳವೆಬಾವಿಯ ನೀರನ್ನು ಹಿಪ್ಪುನೇರಳೆ, ದ್ರಾಕ್ಷಿಗಳೇ ಕುಡಿದು ಮುಗಿಸುತ್ತವೆ. ಇಂಥ ಕಡೆ ಮನೆಯ ಹಿತ್ತಲಿಗೆ, ತೋಟದ ಅಂಚಿಗೆ ಕವಳೆಯಷ್ಟು ಒಪ್ಪುವ ಗಿಡ ಮತ್ತೊಂದಿಲ್ಲ. ಬೇಸಿಗೆಯಲ್ಲೂ ಹಸಿರು, ದನ ನುಗ್ಗದಷ್ಟು ಮುಳ್ಳು, ಘಮಘಮಿಸುವ ಬಿಳಿ ಹೂ, ಉಪ್ಪಿನಕಾಯಿಗೆ ಹುಳಿಕಾಯಿ.

ಹಂತ 1: ಬೀಜ
ಮಳೆಗಾಲದಲ್ಲಿ ಚೆನ್ನಾಗಿ ಕಪ್ಪಾದ ಹಣ್ಣು ಆರಿಸಿ. ಬೀಜ ತೊಳೆದು, ನೆರಳಲ್ಲಿ ಆರಿಸಿ, ಒಂದೆರಡು ದಿನದೊಳಗೆ ಬಿತ್ತಿಬಿಡಿ. ಇಟ್ಟಷ್ಟೂ ಮೊಳೆಯುವ ಶಕ್ತಿ ಕುಂದುತ್ತದೆ. ಹೊಸಬರು ಎಡವುವುದು ಇಲ್ಲೇ. ಕೆಮ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ ಪಾಲಿಥೀನ್ ಚೀಲಕ್ಕೆ ತುಂಬಿ, ಅರ್ಧ ಇಂಚು ಆಳದಲ್ಲಿ ಬೀಜ ಹಾಕಿ. ಕಡ್ಡಿ ನೆಟ್ಟರೆ ಸುಲಭಕ್ಕೆ ಬೇರು ಬಿಡದು.

ಹಂತ 2: ನಾಟಿ
ಮರುವರ್ಷ ಜೂನ್–ಜುಲೈ ಮಳೆಗೆ ಒಂದೂವರೆ ಅಡಿ ಗುಂಡಿ ತೆಗೆದು ನೆಡಿ. ಬೇಲಿಗಾದರೆ ಗಿಡದಿಂದ ಗಿಡಕ್ಕೆ 3 ಅಡಿ, ಒಂಟಿ ಗಿಡಕ್ಕೆ ಸುತ್ತ 8 ಅಡಿ ಬೇಕು. ಮಕ್ಕಳು ಓಡಾಡುವ ದಾರಿಯ ಪಕ್ಕ ಬೇಡ.

ಹಂತ 3: ನೀರು
ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಹಾಕಿ, ಬುಡಕ್ಕೆ ಒಣಹುಲ್ಲು ಮುಚ್ಚಿ. ಆಮೇಲೆ ಮಳೆಯೇ ಸಾಕು. ಈ ಗಿಡಕ್ಕೆ ಬರಕ್ಕಿಂತ ನಿಂತ ನೀರು ಕೆಟ್ಟದ್ದು. ನಮ್ಮಲ್ಲಿ ಜೋರು ಮಳೆ ಬರುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಅಷ್ಟರೊಳಗೆ ಬುಡದಿಂದ ಕಾಲುವೆ ಬಿಡಿಸಿ.

ಹಂತ 4: ಸವರುವುದು
ಗಿಡ ಒಂದೂವರೆ ಅಡಿ ಆದಾಗ ತುದಿ ಚಿವುಟಿ. ಬುಡದಿಂದಲೇ ಕವಲೊಡೆದು ಬೇಲಿ ದಟ್ಟವಾಗುತ್ತದೆ. ಆಮೇಲೆ ಪ್ರತಿವರ್ಷ ಕಾಯಿ ಕಿತ್ತ ಬಳಿಕವೇ ಕತ್ತರಿ ಹಾಕಿ. ಹೂ ಬಿಡುವ ಮುಂಚೆ ಸವರಿದರೆ ಆ ವರ್ಷದ ಫಸಲು ಹೋದಂತೆ. ಕೈಗೆ ದಪ್ಪ ಗ್ಲೌಸ್ ಇರಲಿ, ಗಿಡದ ಹಾಲು ಕಣ್ಣಿಗೆ ತಾಗದಿರಲಿ.

ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗೆ ಒಂದು ಮಾತು: ಬೇಲಿಗೆ ಕೀಟನಾಶಕ ಹೊಡೆಯಲೇಬೇಡಿ. ಗಾಳಿಗೆ ತೇಲಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೆ ಹುಳು ಸಾಯುತ್ತದೆ.

ಹಂತ 5: ಕೊಯ್ಲು
ಸಾಮಾನ್ಯವಾಗಿ ಮೂರನೇ ವರ್ಷದಿಂದ ಕಾಯಿ. ಉಪ್ಪಿನಕಾಯಿಗೆ ಹಸಿಕಾಯಿಯನ್ನೇ ಕೀಳಿ, ಹಾಲು ಹೋಗುವವರೆಗೆ ಉಪ್ಪುನೀರಲ್ಲಿ ನೆನೆಸಿಡಿ. ಬೇಕರಿ ಕೇಕಿನ ಮೇಲಿನ ಕೆಂಪು ‘ಚೆರ್ರಿ’ ಎಷ್ಟೋ ಬಾರಿ ಸಕ್ಕರೆ ಪಾಕದಲ್ಲಿ ಅದ್ದಿದ ಕವಳೆಯೇ.

ನಂದಿ ಸಾಲಿನ ಗುಡ್ಡಗಳಲ್ಲಿ ಕಾಡು ಕವಳೆಯೂ ಇದೆ. ದಯವಿಟ್ಟು ಅದರ ಗಿಡ ಕಿತ್ತು ತರಬೇಡಿ. ಗುಡ್ಡದ ಹಕ್ಕಿಗಳಿಗೆ ಆ ಹಣ್ಣು ಬೇಕು. ನಿಮಗೆ ನರ್ಸರಿಯ ಸಸಿಯೋ ಊರಿನವರ ಬೇಲಿಯ ಒಂದು ಹಿಡಿ ಹಣ್ಣೋ ಸಾಕು.