ಆರೋಗ್ಯ ಪ್ರಶ್ನೋತ್ತರ: ದೆಹಲಿಯ ತಟ್ಟೆ, ಕನ್ನಡಿಗರ ಕರುಳು

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ದೆಹಲಿಯ ಹೌಜ್ ಖಾಸ್ ಸುತ್ತಮುತ್ತ ಇರುವ ಕನ್ನಡಿಗರವು. ಊರು ಬಿಟ್ಟ ಮೇಲೆ ಹೊಟ್ಟೆ ಕೆಟ್ಟಿತು ಎಂಬುದು ಎಲ್ಲರ ದೂರು. ‘ಇಲ್ಲಿನ ನೀರು ಒಗ್ಗಲಿಲ್ಲ’ ಎಂಬ ಕಾರಣವನ್ನೂ ತಾವೇ ಬರೆದುಕೊಂಡಿದ್ದಾರೆ. ನೀರಿಗೂ ಅದರಲ್ಲಿ ಪಾಲಿರಬಹುದು. ಆದರೆ ಊಟದಲ್ಲಿ ಏನೇನು ಬದಲಾಯಿತು ಎಂದು ಮೊದಲು ವಿಚಾರಿಸುವುದು ಒಳ್ಳೆಯದು.

ಪ್ರಶ್ನೆ: ನಾನು ಐಐಟಿ ವಿದ್ಯಾರ್ಥಿ, ಊರು ಶಿವಮೊಗ್ಗದ ಕಡೆ. ಮೆಸ್ಸಿನಲ್ಲಿ ಬೆಳಿಗ್ಗೆ ದೊಡ್ಡ ಲೋಟದ ತುಂಬ ಹಾಲು ಕುಡಿದರೆ ಎರಡು ಗಂಟೆಯೊಳಗೆ ಹೊಟ್ಟೆ ಉಬ್ಬರಿಸಿ, ಗುಡುಗುಡು ಎಂದು ಭೇದಿಯಾಗುತ್ತದೆ. ಪಂಜಾಬಿನ ರೂಂಮೇಟ್ ಎರಡು ಲೋಟ ಕುಡಿದು ಆರಾಮಾಗಿ ಕ್ಲಾಸಿಗೆ ಹೋಗುತ್ತಾನೆ. ಊರಲ್ಲಿ ಕಾಫಿ, ಮಜ್ಜಿಗೆ ಏನೂ ಮಾಡುತ್ತಿರಲಿಲ್ಲ. ನನಗೆ ಹಾಲಿನ ಅಲರ್ಜಿಯೇ?

ಉತ್ತರ: ನೀವು ಬರೆದಿರುವುದು ಅಲರ್ಜಿಯ ಲಕ್ಷಣವಲ್ಲ. ಹಾಲಿನಲ್ಲಿರುವ ಸಕ್ಕರೆಯ ಹೆಸರು ಲ್ಯಾಕ್ಟೋಸ್. ಅದು ಇದ್ದ ಹಾಗೆಯೇ ರಕ್ತಕ್ಕೆ ಸೇರಲಾರದು. ಸಣ್ಣ ಕರುಳಿನ ಒಳಪದರದಲ್ಲಿರುವ ಲ್ಯಾಕ್ಟೇಸ್ ಎಂಬ ಕಿಣ್ವ ಅದನ್ನು ಎರಡಾಗಿ ಸೀಳಬೇಕು. ಹಸುಗೂಸಿಗೆ ಈ ಕಿಣ್ವ ಧಾರಾಳ. ಮೊಲೆ ಬಿಟ್ಟು ಬೆಳೆದಂತೆ ಬಹುಪಾಲು ಮನುಷ್ಯರಲ್ಲಿ ಅದು ತಾನಾಗಿ ಕುಗ್ಗುತ್ತದೆ. ಸೀಳದೆ ಉಳಿದ ಲ್ಯಾಕ್ಟೋಸ್ ನೀರನ್ನು ಎಳೆದುಕೊಂಡು ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಹೈಡ್ರೋಜನ್ ಮುಂತಾದ ಅನಿಲಗಳನ್ನು ಬಿಡುತ್ತವೆ. ನಿಮ್ಮ ಗುಡುಗುಡು ಅಲ್ಲಿಂದ ಬಂದದ್ದು. ಆ ಹೈಡ್ರೋಜನ್ ರಕ್ತ ಸೇರಿ ಉಸಿರಿನಲ್ಲಿ ಹೊರಬರುವುದರಿಂದ, ಉಸಿರು ಊದಿಸಿಯೇ ಇದನ್ನು ಪರೀಕ್ಷಿಸಬಹುದು.

ರೂಂಮೇಟ್ ಮೇಲೆ ಹೊಟ್ಟೆಕಿಚ್ಚು ಬೇಡ. 1981ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೆಹಲಿಯಲ್ಲಿ ಪರೀಕ್ಷಿಸಿದವರ ಪೈಕಿ ಶೇ 27.4 ಮಂದಿಗೆ ಲ್ಯಾಕ್ಟೋಸ್ ಒಗ್ಗಲಿಲ್ಲ. ತಿರುವನಂತಪುರ ಮತ್ತು ಪುದುಚೇರಿಯಲ್ಲಿ ಈ ಪ್ರಮಾಣ ಶೇ 66.6 ಇತ್ತು. ದೊಡ್ಡವರಾದ ಮೇಲೂ ಲ್ಯಾಕ್ಟೇಸ್ ಉಳಿಸಿಕೊಳ್ಳುವ ವಂಶವಾಹಿ ವಾಯವ್ಯ ಭಾರತದ ಕಡೆ ಹೆಚ್ಚು, ದಕ್ಷಿಣಕ್ಕೆ ಬಂದಂತೆ ಕಡಿಮೆ.

ಹಾಗೆಂದು ಹಾಲನ್ನು ಪೂರ್ತಿ ಬಿಡಬೇಕಿಲ್ಲ. 200 ಮಿಲಿ ಹಾಲಿನಲ್ಲಿ ಸುಮಾರು 10 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಊಟ ತಿಂಡಿಯ ಜೊತೆ ಅಷ್ಟನ್ನು ಹೆಚ್ಚಿನವರು ತಾಳಿಕೊಳ್ಳುತ್ತಾರೆ. ನಿಮ್ಮ ಊರಿನ ಕಾಫಿಯಲ್ಲಿ ಇದ್ದದ್ದು ಅದರ ಕಾಲುಭಾಗವೂ ಇರಲಿಕ್ಕಿಲ್ಲ. ಮೊಸರು, ಮಜ್ಜಿಗೆಯಲ್ಲಿ ಬ್ಯಾಕ್ಟೀರಿಯಾಗಳೇ ಒಂದಷ್ಟು ಲ್ಯಾಕ್ಟೋಸನ್ನು ತಿಂದು ಮುಗಿಸಿರುತ್ತವೆ. ಪನೀರ್ ಮಾಡುವಾಗ ಸೋಸಿದ ನೀರಿನ ಜೊತೆ ಬಹುಪಾಲು ಹೊರಟುಹೋಗುತ್ತದೆ, ಆದ್ದರಿಂದ ಪನೀರಿಗೆ ಹೆದರಬೇಕಿಲ್ಲ. ರಬಡಿ, ಖೋವಾದ ಸಿಹಿಗಳಲ್ಲಿ ಮಾತ್ರ ಹಾಲು ಬತ್ತಿ ಲ್ಯಾಕ್ಟೋಸ್ ಒತ್ತಾಗಿರುತ್ತದೆ, ಜೋಪಾನ. ತೂಕ ಇಳಿದರೆ, ರಕ್ತ ಬಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವಂಥ ಭೇದಿಯಾದರೆ ಕಾರಣ ಬೇರೆಯದು. ಆಗ ಹಾಲನ್ನು ದೂರುತ್ತ ಕೂರದೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ವಯಸ್ಸು 34, ಹಾವೇರಿಯವಳು, ಮದುವೆಯಾಗಿ ದೆಹಲಿಗೆ ಬಂದು ವರ್ಷಗಳಾದವು. ಇಲ್ಲಿ ಎರಡು ಹೊತ್ತೂ ಚಪಾತಿ. ಹಿಮೋಗ್ಲೋಬಿನ್ 8ರ ಆಸುಪಾಸಿನಲ್ಲಿದೆ. ವರ್ಷದಿಂದ ಕಬ್ಬಿಣದ ಮಾತ್ರೆ ನುಂಗಿದರೂ ಏರುತ್ತಿಲ್ಲ. ಹೊಟ್ಟೆ ಸದಾ ಉಬ್ಬರ. ಗೋಧಿ ಬಿಟ್ಟು ನೋಡು ಎಂದು ನೆರೆಯವರು ಹೇಳುತ್ತಾರೆ. ಬಿಡಲೇ?

ಉತ್ತರ: ಈಗಲೇ ಬಿಡಬೇಡಿ. ಕಾರಣ ಹೇಳುತ್ತೇನೆ.

ಜಠರದಿಂದ ಹೊರಬಂದ ಆಹಾರ ಮೊದಲು ಸೇರುವುದು ಡ್ಯುವೋಡಿನಂ ಎಂಬ ಸುಮಾರು 25 ಸೆಂಟಿಮೀಟರ್ ಉದ್ದದ ಕರುಳಿನ ತುಂಡಿಗೆ. ಪಿತ್ತರಸವೂ ಮೇದೋಜೀರಕ ಗ್ರಂಥಿಯ ರಸವೂ ಬಂದು ಬೀಳುವುದು ಇಲ್ಲಿಗೇ. ಆಹಾರದ ಕಬ್ಬಿಣ ಮುಖ್ಯವಾಗಿ ಹೀರಲ್ಪಡುವುದೂ ಇಲ್ಲೇ. ಇದರ ಒಳಮೈ ಟರ್ಕಿ ಟವೆಲ್ಲಿನ ಹಾಗೆ. ಮೈತುಂಬ ಅರ್ಧ, ಒಂದು ಮಿಲಿಮೀಟರ್ ಎತ್ತರದ ಎಳೆಗಳು. ಅವುಗಳಿಗೆ ವಿಲ್ಲೈ ಎನ್ನುತ್ತಾರೆ. ಸೀಲಿಯಾಕ್ ಕಾಯಿಲೆ ಇದ್ದವರಲ್ಲಿ ಗೋಧಿಯ ಗ್ಲೂಟೆನ್ ಎಂಬ ಪ್ರೋಟೀನ್ ದೇಹದ ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸುತ್ತದೆ. ಅದು ತನ್ನದೇ ಕರುಳಿನ ಮೇಲೆ ತಿರುಗಿಬಿದ್ದು ಈ ಎಳೆಗಳನ್ನು ಸವೆಸಿಹಾಕುತ್ತದೆ. ಸವೆದ ಜಾಗದಲ್ಲಿ ಕಬ್ಬಿಣ ಹೀರಲು ತಾವಿಲ್ಲ, ಎಷ್ಟು ಮಾತ್ರೆ ನುಂಗಿದರೂ ಅಷ್ಟೆ. ಭೇದಿಯೇ ಇಲ್ಲದೆ ಬರೀ ರಕ್ತಹೀನತೆಯಾಗಿ ಕಾಣಿಸಿಕೊಳ್ಳುವ ಸೀಲಿಯಾಕ್ ಅಪರೂಪವೇನಲ್ಲ.

‘ಅದು ಉತ್ತರದವರ ರೋಗ, ನಮಗೆಲ್ಲಿಂದ’ ಎನ್ನುವವರಿಗೆ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಲೆಕ್ಕ ಹೇಳಬೇಕು. ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಪರೀಕ್ಷಿಸಿದಾಗ ಸೀಲಿಯಾಕ್‌ನ ಸುಳಿವು ಕೊಡುವ ಪ್ರತಿಕಾಯಗಳು ಉತ್ತರದಲ್ಲಿ ಶೇ 1.23, ದಕ್ಷಿಣದಲ್ಲಿ ಶೇ 0.10 ಮಂದಿಯ ರಕ್ತದಲ್ಲಿ ಕಂಡವು. ಆದರೆ ಈ ಕಾಯಿಲೆಗೆ ಬೇಕಾದ ಡಿಕ್ಯೂ2, ಡಿಕ್ಯೂ8 ವಂಶವಾಹಿಗಳು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ, ಮೂರರಲ್ಲಿ ಒಬ್ಬರಿಗೆ ಇದ್ದವು. ಎದ್ದು ಕಂಡ ವ್ಯತ್ಯಾಸ ಗೋಧಿಯದು: ಉತ್ತರದಲ್ಲಿ ದಿನಕ್ಕೆ ಸರಾಸರಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ. ಜೋಳದ ರೊಟ್ಟಿಯ ನಾಡಿನಿಂದ ಚಪಾತಿಯ ನಾಡಿಗೆ ಬಂದವರು ಆ ವಂಶವಾಹಿಯನ್ನು ಜೊತೆಗೇ ತಂದಿರಬಹುದು.

ಟಿಟಿಜಿ-ಐಜಿಎ ಎಂಬ ರಕ್ತಪರೀಕ್ಷೆ ಮಾಡಿಸಿ. ಅದು ಪಾಸಿಟಿವ್ ಬಂದರೆ ಎಂಡೋಸ್ಕೋಪಿ ಮಾಡಿ ಡ್ಯುವೋಡಿನಂನಿಂದ ಚೂರು ತೆಗೆದು ನೋಡುತ್ತಾರೆ. ಗೋಧಿ ತಿನ್ನುತ್ತಿರುವಾಗಲೇ ಇವು ಸರಿಯಾದ ಉತ್ತರ ಕೊಡುತ್ತವೆ. ಬಿಟ್ಟ ಮೇಲೆ ರಕ್ತದ ಸುಳಿವು ಮಾಯವಾಗುತ್ತದೆ, ಎಳೆಗಳೂ ಚಿಗುರತೊಡಗುತ್ತವೆ. ರೋಗ ಇತ್ತೋ ಇಲ್ಲವೋ ಎಂದು ಆಮೇಲೆ ಹೇಳುವುದು ಕಷ್ಟ. ಹೌಜ್ ಖಾಸ್‌ನಿಂದ ಮೆಟ್ರೋದ ಹಳದಿ ಮಾರ್ಗದಲ್ಲಿ ಎರಡನೇ ನಿಲ್ದಾಣವೇ ಏಮ್ಸ್. ಪರೀಕ್ಷೆಗೆ ದೂರ ಹೋಗಬೇಕಿಲ್ಲ. ಮುಟ್ಟಿನ ರಕ್ತಸ್ರಾವ ಹೆಚ್ಚಿದೆಯೇ ಎಂಬುದನ್ನೂ ವೈದ್ಯರಿಗೆ ಹೇಳಿ, ನಿಮ್ಮ ವಯಸ್ಸಿನಲ್ಲಿ ರಕ್ತಹೀನತೆಗೆ ಅದು ಇನ್ನೂ ಸಾಮಾನ್ಯ ಕಾರಣ. ಊಟದ ಜೊತೆಗೇ ಚಹಾ ಕುಡಿಯುವ ರೂಢಿಯಿದ್ದರೆ ನಿಲ್ಲಿಸಿ, ಅದೂ ಕಬ್ಬಿಣವನ್ನು ತಡೆಯುತ್ತದೆ.

ಸೀಲಿಯಾಕ್ ಖಚಿತವಾದರೆ ಗೋಧಿ ಜೀವನಪೂರ್ತಿ ಬಂದ್. ಚಪಾತಿ ಬಿಟ್ಟರೆ ಸಾಲದು. ರವೆ ಉಪ್ಪಿಟ್ಟು, ಗೋಧಿ ಶ್ಯಾವಿಗೆ, ಮೈದಾ ಎಲ್ಲ ಹೋಗಬೇಕು. ಸಾರಿನ ಒಗ್ಗರಣೆಗೆ ಹಾಕುವ ಇಂಗಿನ ಡಬ್ಬಿಯನ್ನೂ ಒಮ್ಮೆ ತಿರುಗಿಸಿ ಓದಿ, ಅಂಗಡಿಯ ಇಂಗಿಗೆ ಗೋಧಿ ಹಿಟ್ಟು ಬೆರೆಸುವುದುಂಟು. ಜೋಳ, ರಾಗಿ, ಅಕ್ಕಿಯಲ್ಲಿ ಗ್ಲೂಟೆನ್ ಇಲ್ಲ. ಆದರೆ ಗೋಧಿ ಬೀಸಿದ ಗಿರಣಿಯಲ್ಲೇ ಅವನ್ನು ಬೀಸಿಸಬಾರದು.

ಪ್ರಶ್ನೆ: ವಯಸ್ಸು 58. ಇಲ್ಲಿ ರಾತ್ರಿ ಊಟ ಮುಗಿಯುವುದೇ ಹನ್ನೊಂದಕ್ಕೆ. ಮಲಗಿದರೆ ಎದೆ ಉರಿ, ಹುಳಿತೇಗು. ಎರಡು ವರ್ಷದಿಂದ ದಿನಾ ಗ್ಯಾಸ್ ಮಾತ್ರೆ ನುಂಗುತ್ತಿದ್ದೇನೆ. ತೊಂದರೆಯೇ?

ಉತ್ತರ: ಅನ್ನನಾಳದ ಕೆಳತುದಿಯಲ್ಲಿ ಬಿಗಿಯುವ ಸ್ನಾಯುವೊಂದಿದೆ. ಜಠರದ ಆಮ್ಲ ಮೇಲೇರದಂತೆ ತಡೆಯುವುದು ಅದರ ಕೆಲಸ. ಜಿಡ್ಡು, ಮದ್ಯ, ಸಿಗರೇಟು ಅದನ್ನು ಸಡಿಲಿಸುತ್ತವೆ. ಜಿಡ್ಡಿನ ಊಟ ಜಠರ ಬಿಟ್ಟು ಹೊರಡಲು ನಾಲ್ಕು ಗಂಟೆಗೂ ಹೆಚ್ಚು ಹಿಡಿಯಬಹುದು. ನೀವು ತುಂಬಿದ ಜಠರವನ್ನು ಮಲಗಿಸುತ್ತಿದ್ದೀರಿ. ಊಟಕ್ಕೂ ನಿದ್ದೆಗೂ ಮೂರು ಗಂಟೆ ಅಂತರ ಕೊಡಿ, ಮಂಚದ ತಲೆಕಡೆ ಕಾಲುಗಳನ್ನು 15–20 ಸೆಂಟಿಮೀಟರ್ ಎತ್ತರಿಸಿ, ಎಡಮಗ್ಗುಲಾಗಿ ಮಲಗಿ. ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಯನ್ನು ತಿಂಡಿಗೆ ಅರ್ಧ ಗಂಟೆ ಮೊದಲು ತೆಗೆದುಕೊಂಡರಷ್ಟೇ ಪೂರ್ತಿ ಫಲ. ವೈದ್ಯರನ್ನು ಕೇಳದೆ ವರ್ಷಗಟ್ಟಲೆ ನುಂಗುವುದು ಸರಿಯಲ್ಲ, ಬಿ12 ಮತ್ತು ಮೆಗ್ನೀಸಿಯಂ ಕಡಿಮೆಯಾಗಬಹುದು. ನಿಮ್ಮ ವಯಸ್ಸಿಗೆ ಒಮ್ಮೆ ಎಂಡೋಸ್ಕೋಪಿ ಆಗಲಿ. ಇನ್ನೊಂದು ಮಾತು: ನಡೆದಾಗ ಎದೆ ಹಿಡಿದರೆ, ಬೆವರು ಬಂದು ನೋವು ತೋಳಿಗೆ ಇಳಿದರೆ ಗ್ಯಾಸ್ ಎಂದುಕೊಳ್ಳದೆ ಕೂಡಲೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಹೊಟ್ಟೆನೋವು ಬಂದಾಗಲೆಲ್ಲ ನಮ್ಮ ಅತ್ತೆ ‘ಬಟ್ಟಿ ಸರಿದಿದೆ’ ಎಂದು ಹೊಕ್ಕುಳ ತಿಕ್ಕಿಸುತ್ತಾರೆ. ನಿಜವೇ?

ಉತ್ತರ: ಹೊಕ್ಕುಳು ಹುಟ್ಟಿನ ಗಾಯದ ಕಲೆ, ಅದು ಸರಿಯುವುದಿಲ್ಲ. ಅಲ್ಲಿ ಬೆರಳಿಟ್ಟರೆ ಮಿಡಿಯುವುದು ಬೆನ್ನೆಲುಬಿನ ಮುಂದೆ ಇಳಿಯುವ ಮಹಾಧಮನಿ. ತಿಕ್ಕಿಸಿಕೊಂಡು ಹಾಯೆನಿಸಿದರೆ ಅಡ್ಡಿಯಿಲ್ಲ. ಆದರೆ ಹೊಕ್ಕುಳ ಸುತ್ತ ಶುರುವಾಗಿ ಬಲಗಡೆ ಕೆಳಕ್ಕೆ ಇಳಿಯುವ ನೋವು ಅಪೆಂಡಿಸೈಟಿಸ್ ಇರಬಹುದು, ಆಗ ತಿಕ್ಕಿಸಬೇಡಿ.

ಪ್ರಶ್ನೆ: ವಯಸ್ಸು 66. ದೆಹಲಿ ಚಳಿಗಾಲದಲ್ಲಿ ಮೂರು ದಿನಕ್ಕೊಮ್ಮೆ ಮಲವಿಸರ್ಜನೆ. ಬೇಸಿಗೆಯಲ್ಲಿ ಸರಿಹೋಗುತ್ತದೆ.

ಉತ್ತರ: ಕುಡಿದ ನೀರು, ಜೊಲ್ಲು, ಜಠರರಸ, ಪಿತ್ತ ಎಲ್ಲ ಸೇರಿ ದಿನಕ್ಕೆ 8–9 ಲೀಟರ್ ದ್ರವ ಕರುಳಿಗೆ ಬರುತ್ತದೆ. ಮಲದಲ್ಲಿ ಹೊರಹೋಗುವುದು 100–200 ಮಿಲಿಯಷ್ಟೇ, ಉಳಿದದ್ದನ್ನು ಕರುಳು ವಾಪಸ್ ಹೀರುತ್ತದೆ. ಚಳಿಗೆ ನೀರು ಕುಡಿಯುವುದು ಕಡಿಮೆ, ಓಡಾಟ ಕಡಿಮೆ; ಮಲ ದೊಡ್ಡ ಕರುಳಿನಲ್ಲಿ ನಿಂತಷ್ಟೂ ಗಟ್ಟಿಯಾಗುತ್ತದೆ. ತಿಂಡಿ ತಿಂದ ಅರ್ಧ ಗಂಟೆಯಲ್ಲಿ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ, ದಿನವೂ ಆ ಹೊತ್ತಿಗೇ ಕೂರುವ ಅಭ್ಯಾಸ ಮಾಡಿ. ಬಿಸಿನೀರು, ಸೊಪ್ಪು, ರಾಗಿ, ಬೇಕಾದರೆ ಇಸಬ್ಗೋಲ್. ಹೊಗೆಮಂಜು ದಟ್ಟವಾದ ದಿನ ಹೌಜ್ ಖಾಸ್‌ನ ಡಿಯರ್ ಪಾರ್ಕಿಗೆ ಹೋಗದೆ ಮನೆಯೊಳಗೇ ನಡೆಯಿರಿ. ಈ ವರ್ಷವೇ ಹೊಸದಾಗಿ ಶುರುವಾಗಿದ್ದರೆ, ಮಲದಲ್ಲಿ ರಕ್ತ ಕಂಡರೆ, ತೂಕ ಇಳಿದಿದ್ದರೆ ಚಳಿಯ ಮೇಲೆ ಹೊರೆ ಹಾಕಬೇಡಿ. ಈ ವಾರವೇ ವೈದ್ಯರನ್ನು ಕಂಡು ಕೊಲೊನೋಸ್ಕೋಪಿ ಬೇಕೇ ಎಂದು ಕೇಳಿ.