ಹನ್ನೊಂದೂಮುಕ್ಕಾಲರ ಮಾತ್ರೆ

ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಬಿಕ್ಕಿದ್ದು ರಾತ್ರಿಯಿಡೀ ಕಿವಿಯಲ್ಲೇ ಇತ್ತು. ಮಗನಿಗೆ ಎಡಿಎಚ್‌ಡಿ ಎಂದು ಡಾಕ್ಟರು ಹೇಳಿದ ದಿನ ನೀನು ಅಳಲಿಲ್ಲ. ಶಾಲೆಯಿಂದ ಎರಡು ಪುಟದ ಫಾರ್ಮು ಬಂದು, ದಿನಾ ಹನ್ನೊಂದೂಮುಕ್ಕಾಲಿಗೆ ಅವನು ತರಗತಿಯಿಂದೆದ್ದು ನರ್ಸ್ ಕೋಣೆಗೆ ಹೋಗಿ ಮಾತ್ರೆ ನುಂಗಬೇಕು ಎಂದು ಓದಿದಾಗ ನಿನಗೆ ಅಳು ಬಂತು. "ಎಲ್ಲರಿಗೂ ಗೊತ್ತಾಗಿಬಿಡುತ್ತಲ್ಲ ಚಿಕ್ಕಮ್ಮ" ಅಂದೆ. ನ್ಯೂಜೆರ್ಸಿಯ ಒಂದು ಶಾಲೆಯಲ್ಲಿ ಅಂಥದೇ ಕೋಣೆಯ ಕುರ್ಚಿಯಲ್ಲಿ ಇಪ್ಪತ್ತೆರಡು ವರ್ಷ ಕೂತವಳು ನಾನು. ನಿನ್ನೆ ಲೈನು ಕಡಿದು ಹೋಗಿ ಹೇಳಲಾಗದ್ದನ್ನೆಲ್ಲ ಬರೆಯುತ್ತಿದ್ದೇನೆ. ನಿಧಾನವಾಗಿ ಓದು.

ಬೆಳಗ್ಗೆ ಏಳೂವರೆಗೆ ನೀನು ಕೊಡುವುದು ಮೀಥೈಲ್‌ಫೆನಿಡೇಟ್, ಕಡಿಮೆ ಹೊತ್ತು ಕೆಲಸ ಮಾಡುವ ಮಾತ್ರೆ. ಹಿಡಿಯಲು ಅರ್ಧ ಗಂಟೆ ಬೇಕು, ಮೂರು-ನಾಲ್ಕು ಗಂಟೆಯಲ್ಲಿ ಇಳಿದುಹೋಗುತ್ತದೆ. ಅದು ಹಿಡಿಯುವ ಹೊತ್ತಿಗೆ ಅವನು ಶಾಲೆಯ ಬಸ್ಸಿನಲ್ಲಿರುತ್ತಾನೆ. ಮಧ್ಯಾಹ್ನದ್ದು ಇಳಿಯುವ ಹೊತ್ತಿಗೆ ವಾಪಸು ಬರುವ ಬಸ್ಸಿನಲ್ಲಿ. ಹಾಗಾದರೆ ನೀನು ವಾರದ ದಿನಗಳಲ್ಲಿ ನೋಡುವುದು ಯಾರನ್ನು? ಮಾತ್ರೆ ಹತ್ತುವ ಮುಂಚಿನ ಮಗನನ್ನು, ಇಲ್ಲವೇ ಮಾತ್ರೆ ಇಳಿದ ಮೇಲೆ ಸಣ್ಣದಕ್ಕೂ ಸಿಡುಕುವ ಮಗನನ್ನು. ಔಷಧ ಒಳಗಿರುವಾಗ ಅವನು ಹೇಗಿರುತ್ತಾನೆ ಎಂಬುದು ನಿನ್ನ ಕಣ್ಣಿಗೆ ಬೀಳುವುದೇ ಇಲ್ಲ. ಡಾಕ್ಟರಿಗೂ ಅಷ್ಟೆ, ಯಾವಾಗಲೋ ಒಮ್ಮೆ ಇಪ್ಪತ್ತು ನಿಮಿಷ ನೋಡುತ್ತಾರೆ. ಆ ಹುಡುಗನನ್ನು ನೋಡುವವರು ಇಬ್ಬರೇ: ಅವನ ಟೀಚರು ಮತ್ತು ನರ್ಸು. ಅದಕ್ಕೇ ಹೇಳುವುದು, ಆ ನರ್ಸಿನಿಂದ ಏನನ್ನೂ ಮುಚ್ಚಿಡಬೇಡ. ಅವಳು ನಿನ್ನ ಕಣ್ಣು.

ಇದು ನನ್ನ ಅನಿಸಿಕೆ ಮಾತ್ರವಲ್ಲ. 1999ರಲ್ಲಿ ಅಮೆರಿಕದಲ್ಲಿ ಎಂಟಿಎ ಎಂಬ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಏಳರಿಂದ ಒಂಬತ್ತು ವರ್ಷದ 579 ಮಕ್ಕಳನ್ನು 14 ತಿಂಗಳು ನೋಡಿದ್ದರು. ಒಂದಷ್ಟು ಮಕ್ಕಳಿಗೆ ಡೋಸನ್ನು ಅಳೆದು ತೂಗಿ ನಿಗದಿ ಮಾಡಿ, ತಿಂಗಳು ತಿಂಗಳೂ ನೋಡಿ, ಟೀಚರನ್ನೂ ಕೇಳಿ ತಿದ್ದುತ್ತಿದ್ದರು. ಇನ್ನೊಂದು ಗುಂಪಿನವರು ಊರಿನ ಡಾಕ್ಟರ ಹತ್ತಿರ ಎಂದಿನಂತೆ ಹೋಗುತ್ತಿದ್ದರು. ಆ ಎರಡನೇ ಗುಂಪಿನಲ್ಲೂ ಮೂರರಲ್ಲಿ ಎರಡು ಪಾಲು ಮಕ್ಕಳು ಔಷಧ ತೆಗೆದುಕೊಳ್ಳುತ್ತಲೇ ಇದ್ದರು. ಆದರೂ ಹೆಚ್ಚು ಸುಧಾರಿಸಿದ್ದು ನಿಗಾ ಇಟ್ಟ ಮಕ್ಕಳು. 14 ತಿಂಗಳು ಮುಗಿದು ಆ ನಿಗಾ ನಿಂತ ಮೇಲೆ, ಮೂರನೇ ವರ್ಷದ ಹೊತ್ತಿಗೆ ಗುಂಪುಗಳ ನಡುವಿನ ವ್ಯತ್ಯಾಸವೂ ಕರಗಿತ್ತು. ನಾನು ಅದನ್ನು ಓದಿದಾಗ ನನ್ನ ಕೆಲಸದ ಬೆಲೆ ನನಗೇ ಹೊಸದಾಗಿ ತಿಳಿಯಿತು.

ಈಗ ಫಾರ್ಮಿನ ವಿಷಯ. ಒಂದು ಪುಟಕ್ಕೆ ಡಾಕ್ಟರ ಸಹಿ, ಇನ್ನೊಂದಕ್ಕೆ ನಿನ್ನದು. ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ಹೊತ್ತಿಗೆ, ಎಲ್ಲವೂ ಔಷಧದ ಅಂಗಡಿಯ ಲೇಬಲಿನ ಜೊತೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಅಂಗಡಿಯವರನ್ನು ಶಾಲೆಗೆಂದು ಲೇಬಲಿರುವ ಇನ್ನೊಂದು ಬಾಟಲಿ ಕೇಳು, ಕೊಡುತ್ತಾರೆ. ನೀನು ನಮ್ಮ ಮನೆಯ ಪದ್ಧತಿಯಂತೆ ಐದು ಮಾತ್ರೆ ಕಾಗದದಲ್ಲಿ ಸುತ್ತಿ ಅವನ ಬ್ಯಾಗಿನಲ್ಲಿ ಇಟ್ಟು ಕಳಿಸಿಬಿಟ್ಟೀಯೆ ಎಂದು ನನಗೆ ಭಯ. ಹಾಗೆ ಮಾಡಲೇಬೇಡ. ಅಮೆರಿಕದ 1970ರ ಕಾಯ್ದೆಯ ಪ್ರಕಾರ ಇದು ಎರಡನೇ ಪಟ್ಟಿಯ ಮದ್ದು, ದುರುಪಯೋಗವಾಗಬಹುದು ಎಂದು ಸರ್ಕಾರ ಕಾವಲಿಟ್ಟಿರುವ ಪಟ್ಟಿ. ಒಂದೇ ಚೀಟಿ ತೋರಿಸಿ ಮತ್ತೆ ಮತ್ತೆ ತರುವಂತಿಲ್ಲ, ಪ್ರತಿ ಸಲವೂ ಡಾಕ್ಟರು ಹೊಸದಾಗಿ ಬರೆಯಬೇಕು. ಮಗುವಿನ ಬ್ಯಾಗಿನಲ್ಲಿ ಸಿಕ್ಕರೆ ಶಿಕ್ಷೆ ಮಗುವಿಗೆ. ನೀನೇ ಕೈಯಲ್ಲಿ ತೆಗೆದುಕೊಂಡು ಹೋಗು. ನರ್ಸು ನಿನ್ನ ಮುಂದೆಯೇ ಮಾತ್ರೆ ಎಣಿಸುತ್ತಾಳೆ, ಸಂಖ್ಯೆ ಬರೆದು ನಿನ್ನಿಂದ ಸಹಿ ಹಾಕಿಸಿಕೊಳ್ಳುತ್ತಾಳೆ, ಬೀಗದ ಬೀರುವಿನಲ್ಲಿಡುತ್ತಾಳೆ. ನಿನ್ನನ್ನು ನಂಬದೆ ಎಣಿಸುತ್ತಿದ್ದಾಳೆ ಎಂದುಕೊಳ್ಳಬೇಡ. ನಾಳೆ ಒಂದು ಮಾತ್ರೆ ಕಡಿಮೆಯಾದರೆ ಉತ್ತರ ಹೇಳಬೇಕಾದವಳು ಅವಳು.

ಅಲ್ಲೇ ನಿಂತು ಇನ್ನೆರಡು ಪ್ರಶ್ನೆ ಕೇಳು. ನೀವು ರಜೆ ಹಾಕಿದ ದಿನ ಮಾತ್ರೆ ಕೊಡುವವರು ಯಾರು? ಅಮೆರಿಕದ ಎಲ್ಲ ಶಾಲೆಗಳಲ್ಲೂ ದಿನವಿಡೀ ನರ್ಸ್ ಇರುವುದಿಲ್ಲ. ಎಷ್ಟೋ ಕಡೆ ಆಫೀಸಿನ ಸಿಬ್ಬಂದಿಗೆ ತರಬೇತಿ ಕೊಟ್ಟು ಆ ಕೆಲಸ ವಹಿಸಿರುತ್ತಾರೆ, ರಾಜ್ಯಕ್ಕೊಂದು ನಿಯಮ. ಹಾಗೆಯೇ, ಪ್ರವಾಸಕ್ಕೆ ಕರೆದುಕೊಂಡು ಹೋದ ದಿನ ಯಾರು? ಕೇಳಿದ್ದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕೇಳುವ ತಾಯಂದಿರೆಂದರೆ ನನಗೆ ಇಷ್ಟವಿತ್ತು.

ಯಾಕೆ ಇಷ್ಟು ಹೇಳುತ್ತಿದ್ದೇನೆಂದರೆ, ಒಂದು ಸಲ ನನ್ನ ಕೈಯಿಂದಲೇ ತಪ್ಪಾಗಲಿತ್ತು. ನಮ್ಮ ಶಾಲೆಯಲ್ಲಿ ಒಂದೇ ಹೆಸರಿನ ಇಬ್ಬರು ಹುಡುಗರಿದ್ದರು, ಇಬ್ಬರೂ ನಮ್ಮ ದೇಶದವರ ಮಕ್ಕಳು, ಒಬ್ಬ ಎರಡನೇ ತರಗತಿ, ಇನ್ನೊಬ್ಬ ಐದನೇದು. ಇಬ್ಬರಿಗೂ ಮಧ್ಯಾಹ್ನದ ಮಾತ್ರೆ. ಅಂದು ಜ್ವರ ಬಂದ ಮಗುವೊಂದು ಮಂಚದ ಮೇಲೆ ವಾಂತಿ ಮಾಡುತ್ತಿತ್ತು, ಫೋನು ಹೊಡೆದುಕೊಳ್ಳುತ್ತಿತ್ತು. ದೊಡ್ಡವನ ಮಾತ್ರೆಯನ್ನು ಚಿಕ್ಕವನ ಅಂಗೈಗೆ ಹಾಕಿದೆ. ಅವನು ಬಾಯಿಯ ಹತ್ತಿರ ಒಯ್ದವನು ಕೈ ಇಳಿಸಿ, "ನನ್ನದು ಈ ಬಣ್ಣ ಅಲ್ಲ" ಅಂದ. ಪುಟ್ಟಿ, ಆ ಏಳು ವರ್ಷದ ಮಗುವಿನ ತಾಯಿ ಅವನಿಗೆ ತನ್ನ ಮಾತ್ರೆ ಯಾವುದು ಎಂದು ಹೇಳಿಕೊಟ್ಟಿದ್ದಳು. ನಾನು ಅವತ್ತೇ ಪ್ರಿನ್ಸಿಪಾಲರಿಗೂ ಆ ತಾಯಿಗೂ ನಡೆದದ್ದನ್ನು ಹೇಳಿದೆ. ಮರುದಿನದಿಂದ ಪ್ರತಿ ಮಗುವಿನ ಕಾರ್ಡಿಗೆ ಫೋಟೋ ಅಂಟಿಸಿದೆ. ದಿನಾ ನೋಡುವ ಮಗುವನ್ನೂ ಹುಟ್ಟಿದ ದಿನ ಯಾವುದು ಎಂದು ಕೇಳದೆ ಮಾತ್ರೆ ಕೊಡುವುದನ್ನು ಬಿಟ್ಟೆ. ಸರಿಯಾದ ಮಗು, ಸರಿಯಾದ ಮದ್ದು, ಪ್ರಮಾಣ, ಹೊತ್ತು, ಕೊಡುವ ದಾರಿ, ಕೊಟ್ಟ ಮೇಲೆ ಬರೆದಿಡುವುದು: ಇಷ್ಟನ್ನು ನರ್ಸಿಂಗ್ ಓದುವಾಗಲೇ ಬಾಯಿಪಾಠ ಮಾಡಿಸಿದ್ದರು. ಅದರ ಅರ್ಥ ನನಗೆ ಇಳಿದದ್ದು ಆ ಮಧ್ಯಾಹ್ನ.

ಆದ್ದರಿಂದ ನಿನ್ನ ಮಗನಿಗೆ ಅವನ ಮಾತ್ರೆಯ ಹೆಸರು ಹೇಳಿಕೊಡು, ಬಣ್ಣ ತೋರಿಸು. ವಿಟಮಿನ್ ಎಂದು ಸುಳ್ಳು ಹೇಳಬೇಡ. ನಮ್ಮವರ ಎಷ್ಟೋ ಮನೆಗಳಲ್ಲಿ ಹಾಗೇ ಹೇಳುತ್ತಿದ್ದರು. ಮಗು ಒಂದು ದಿನ ಬಾಟಲಿಯ ಲೇಬಲ್ ಓದುತ್ತದೆ, ಆಮೇಲೆ ಅಪ್ಪ ಅಮ್ಮನ ಯಾವ ಮಾತನ್ನು ನಂಬಬೇಕೆಂದು ಅದಕ್ಕೆ ತಿಳಿಯುವುದಿಲ್ಲ. ಹೀಗೆ ಹೇಳು: "ನಿನ್ನ ತಲೆಯಲ್ಲಿ ಒಳ್ಳೊಳ್ಳೆಯ ಯೋಚನೆಗಳಿವೆ, ಎಲ್ಲವೂ ಒಟ್ಟಿಗೆ ಬಾಗಿಲಿಗೆ ನುಗ್ಗುತ್ತವೆ. ಈ ಮಾತ್ರೆ ಅವುಗಳನ್ನು ಸಾಲಾಗಿ ನಿಲ್ಲಿಸುತ್ತದೆ." ಇನ್ನೊಂದು, ಅವನು ತಪ್ಪು ಮಾಡಿದಾಗ "ಇವತ್ತು ಮಾತ್ರೆ ತಗೊಂಡಿಲ್ವಾ?" ಎಂದು ಮಾತ್ರ ಕೇಳಬೇಡ. ಗಂಡನಿಗೂ ಹೇಳು. ಆ ಒಂದು ಪ್ರಶ್ನೆಯಿಂದ, ನಾನು ಒಳ್ಳೆಯವನಾಗಿದ್ದರೆ ಅದು ಮಾತ್ರೆಯಿಂದ, ಕೆಟ್ಟವನಾಗಿದ್ದರೆ ಅದು ನನ್ನಿಂದ ಎಂದು ಮಗು ಕಲಿತುಬಿಡುತ್ತದೆ. ಆ ನಂಬಿಕೆ ಹೊತ್ತ ಮಕ್ಕಳನ್ನು ನಾನು ನೋಡಿದ್ದೇನೆ, ತಲೆ ಎತ್ತುತ್ತಿರಲಿಲ್ಲ.

ಎಲ್ಲರಿಗೂ ಗೊತ್ತಾಗುವ ವಿಷಯಕ್ಕೆ ಬರುತ್ತೇನೆ. ನಿನ್ನ ಭಯ ಸುಳ್ಳಲ್ಲ. ನಮ್ಮ ಶಾಲೆಯ ಒಬ್ಬ ಟೀಚರು ಒಬ್ಬ ಹುಡುಗಿಗೆ ಇಡೀ ತರಗತಿಯ ಮುಂದೆ "ಹೋಗು, ಮಾತ್ರೆ ತಗೊಂಡು ಬಾ" ಎಂದು ಕೂಗುತ್ತಿದ್ದರು. ಆ ಹುಡುಗಿ ಬರುವುದನ್ನೇ ನಿಲ್ಲಿಸಿದಳು. ಆಮೇಲೆ ನಾನು ಅವಳಿಗೆ ಒಂದು ಕೆಲಸ ಕೊಟ್ಟೆ: ದಿನಾ ಆ ಹೊತ್ತಿಗೆ ತರಗತಿಯ ಹಾಜರಿ ಲಕೋಟೆಯನ್ನು ಆಫೀಸಿಗೆ ತರುವುದು. ಆಫೀಸಿನ ಪಕ್ಕದ ಬಾಗಿಲೇ ನನ್ನದು. ನಿನ್ನ ಮಗನಿಗೂ ಅಂಥ ಉಪಾಯ ಸಾಧ್ಯವೇ ಎಂದು ನರ್ಸನ್ನು ಕೇಳು. ಕೈಗಡಿಯಾರ ಸದ್ದಿಲ್ಲದೆ ಅದುರುವಂತೆ ಇಟ್ಟರೆ ಟೀಚರು ಬಾಯಿ ಬಿಡುವ ಅಗತ್ಯವೇ ಇಲ್ಲ. ನರ್ಸು "ಬಾಯಿ ತೆರೆ, ನಾಲಿಗೆ ಎತ್ತು" ಅನ್ನುತ್ತಾಳೆ ಎಂದು ಅವನಿಗೆ ಮೊದಲೇ ಹೇಳಿಡು. ಕೆಲವು ಮಕ್ಕಳು ಮಾತ್ರೆಯನ್ನು ಕೆನ್ನೆಯೊಳಗೆ ಇಟ್ಟುಕೊಂಡು ಹೋಗಿ ಉಗಿಯುತ್ತಾರೆ, ಅದಕ್ಕಾಗಿ ಎಲ್ಲರನ್ನೂ ನೋಡುವುದು. ಅವನೊಬ್ಬನ ಮೇಲೆ ಅನುಮಾನವಲ್ಲ.

ನೀನು ನರ್ಸಿಗೆ ಹೇಳಬೇಕಾದದ್ದೂ ಇದೆ. ಬೆಳಗಿನ ಮಾತ್ರೆ ಮರೆತರೆ ನಾಚಿಕೆಪಡದೆ ಫೋನ್ ಮಾಡು. ಮರೆತ ಡೋಸನ್ನು ಶಾಲೆಯಲ್ಲಿ ಕೊಡಬಹುದು ಎಂದು ಡಾಕ್ಟರಿಂದ ಮೊದಲೇ ಬರೆಸಿಟ್ಟರೆ ಇನ್ನೂ ಒಳ್ಳೆಯದು. ಡೋಸು ಬದಲಾದರೆ ಹೊಸ ಕಾಗದ ಬರುವತನಕ ಅವಳು ಹಳೆಯದನ್ನೇ ಕೊಡಬೇಕು. "ಅರ್ಧ ಮಾಡಿ ಕೊಡಿ" ಎಂದು ನೀನು ಬಾಯಲ್ಲಿ ಹೇಳಿದರೆ ಅವಳು ಕೇಳುವಂತಿಲ್ಲ. ರಾತ್ರಿ ನಿದ್ದೆ ಬಾರದಿದ್ದರೆ, ತಲೆನೋವು ಹೊಟ್ಟೆನೋವು ಅಂದರೆ ತಿಳಿಸು. ನಾಡಿ, ರಕ್ತದೊತ್ತಡ, ತೂಕ, ಎತ್ತರ ನೋಡಿ ಬರೆದಿಡಲು ಕೇಳಿಕೊ. ಆ ಚೀಟಿಯನ್ನು ಡಾಕ್ಟರ ಮುಂದೆ ಇಟ್ಟರೆ ನಿನ್ನ ಹತ್ತು ಮಾತಿಗಿಂತ ಹೆಚ್ಚು ಹೇಳುತ್ತದೆ.

ಊಟವೇ ನಿನ್ನ ದೊಡ್ಡ ಚಿಂತೆಯಾಗಲಿದೆ. ಈ ಔಷಧ ಹಸಿವನ್ನು ಅಡಗಿಸುತ್ತದೆ. ಮಧ್ಯಾಹ್ನದ ಡಬ್ಬಿ ಹಾಗೇ ವಾಪಸು ಬಂದರೆ ಬೈಯಬೇಡ, ಅವನಿಗೆ ನಿಜವಾಗಿಯೂ ಸೇರುವುದಿಲ್ಲ. ಬೆಳಗ್ಗೆ ಮಾತ್ರೆಗೆ ಮುಂಚೆ ಹೊಟ್ಟೆ ತುಂಬಿಸು: ತುಪ್ಪ ಹಾಕಿದ ದೋಸೆ, ಮೊಟ್ಟೆ, ಒಂದು ಲೋಟ ಹಾಲು. ಸಂಜೆ ಮಾತ್ರೆ ಇಳಿದಾಗ ಹಸಿವು ಒಮ್ಮೆಲೇ ಬರುತ್ತದೆ. ಆಗ ಚಿಪ್ಸ್ ಬೇಡ, ಊಟವನ್ನೇ ಬಡಿಸು, ಗಂಟೆ ನಾಲ್ಕಾದರೂ ಸರಿ. ಹೋಮ್‌ವರ್ಕು ಆಮೇಲೆ. ಬಸ್ಸಿಳಿದ ಮೊದಲ ಅರ್ಧ ಗಂಟೆ ಅವನನ್ನು ಏನೂ ಕೇಳಬೇಡ.

ನಿಮ್ಮತ್ತೆಯವರು "ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು, ಹುಡುಗರು ಅಂದಮೇಲೆ ಕಾಲಿಗೆ ಚಕ್ರ ಕಟ್ಟಿಕೊಂಡೇ ಇರ್ತಾರೆ" ಅಂದರಂತಲ್ಲ. ಪಾಪ, ಅವರು ಮೊಮ್ಮಗನ ಮೇಲಿನ ಪ್ರೀತಿಯಿಂದ ಅಂದದ್ದು. ಜಗಳ ಮಾಡಬೇಡ. ಇದು ನಿನ್ನೆ ಮೊನ್ನೆಯದಲ್ಲ ಎಂದು ಹೇಳು. ಚಾರ್ಲ್ಸ್ ಬ್ರಾಡ್ಲಿ ಎಂಬ ಡಾಕ್ಟರು ರೋಡ್ ಐಲೆಂಡಿನ ಮಕ್ಕಳ ಆಸ್ಪತ್ರೆಯಲ್ಲಿ ಇಂಥ ಇನ್ನೊಂದು ಮದ್ದು ಕೊಟ್ಟು ಮಕ್ಕಳು ಪಾಠಕ್ಕೆ ಕೂರುವುದನ್ನು ಕಂಡದ್ದು 1937ರಲ್ಲಿ. ನಿನ್ನ ಮಗನ ಔಷಧವನ್ನು ಸ್ವಿಟ್ಜರ್‌ಲೆಂಡಿನ ಸೀಬಾ ಕಂಪನಿಯ ಲಿಯಾಂಡ್ರೊ ಪನಿಝೋನ್ ತಯಾರಿಸಿದ್ದು 1944ರಲ್ಲಿ. ಹೆಂಡತಿ ಮಾರ್ಗರೀಟಳನ್ನು ಅವನು ರೀಟಾ ಎಂದು ಕರೆಯುತ್ತಿದ್ದ, ಅದಕ್ಕೇ ರಿಟಾಲಿನ್ ಎಂಬ ಹೆಸರು. ಇದನ್ನು ಕೇಳಿದರೆ ಅತ್ತೆಯವರ ಮುಖ ಸ್ವಲ್ಪ ಸಡಿಲವಾಗಬಹುದು.

ಇಡೀ ದಿನಕ್ಕೆ ಒಂದೇ ಸಲ ಕೊಡುವ ಮಾತ್ರೆ ಇದೆಯಲ್ಲ ಎಂದು ಕೇಳಿದೆ. ಇದೆ. 2000ದಲ್ಲಿ ಕಾನ್ಸರ್ಟಾ ಬಂತು. ಅದಕ್ಕೆ ಮುಂಚೆ ಊಟದ ಹೊತ್ತಿಗೆ ನನ್ನ ಬಾಗಿಲಲ್ಲಿ ಸಾಲು ನಿಲ್ಲುತ್ತಿತ್ತು, ಆಮೇಲೆ ವರ್ಷ ವರ್ಷ ಕರಗಿತು. ಆದರೆ ಕೆಲವರಿಗೆ ಅದು ರಾತ್ರಿಯ ನಿದ್ದೆಯನ್ನೂ ತಿನ್ನುತ್ತದೆ. ಶಾಲೆಯ ನಾಚಿಕೆಯೊಂದಕ್ಕಾಗಿ ಬದಲಿಸಿ ಎಂದು ಡಾಕ್ಟರ ಮೇಲೆ ಒತ್ತಡ ಹಾಕಬೇಡ. ಮಗನ ದೇಹ ಹೇಗೆ ತೆಗೆದುಕೊಳ್ಳುತ್ತದೆ ನೋಡಿ ಅವರು ನಿರ್ಧರಿಸಲಿ. ಮಾತ್ರೆಯೊಂದೇ ಸಾಕು ಎಂದೂ ಕೂರಬೇಡ. ಮುಂದಿನ ಸಾಲಿನ ಬೆಂಚು, ಪರೀಕ್ಷೆಗೆ ಹೆಚ್ಚು ಸಮಯ, ನಡುವೆ ಎದ್ದು ಓಡಾಡಲು ಬಿಡುವು, ಇವನ್ನೆಲ್ಲ ಅಮೆರಿಕದ 1973ರ ಕಾಯ್ದೆಯ 504ನೇ ಸೆಕ್ಷನ್ ಅಡಿ ಕೇಳಬಹುದು. "ಮಾತ್ರೆ ಕೊಟ್ಟರೆ ಮಾತ್ರ ತರಗತಿಗೆ ಕಳಿಸಿ" ಎಂದು ಯಾರಾದರೂ ಅಂದರೆ ಹೆದರಬೇಡ. ಹಾಗೆ ಷರತ್ತು ಹಾಕುವಂತಿಲ್ಲ ಎಂದು 2004ರಿಂದ ಕೇಂದ್ರ ಕಾನೂನಿನಲ್ಲೇ ಇದೆ. ಕೊಡುವುದು ಬಿಡುವುದು ನಿಮ್ಮಿಬ್ಬರ ಮತ್ತು ಡಾಕ್ಟರ ತೀರ್ಮಾನ.

ಜೂನಿನಲ್ಲಿ ಊರಿಗೆ ಬರುವಾಗ ಶಾಲೆಯಲ್ಲಿ ಉಳಿದ ಮಾತ್ರೆಗಳನ್ನು ಎಣಿಸಿ ವಾಪಸು ತೆಗೆದುಕೊ, ಬಿಟ್ಟರೆ ನಾಶಮಾಡುತ್ತಾರೆ. ನಮ್ಮಲ್ಲೂ ಇದು 1985ರ ಎನ್‌ಡಿಪಿಎಸ್ ಕಾಯ್ದೆಗೆ ಒಳಪಟ್ಟ ಮದ್ದು. ಲೇಬಲಿರುವ ಬಾಟಲಿಯಲ್ಲೇ ತಾ, ಡಾಕ್ಟರ ಚೀಟಿ ಮತ್ತು ಒಂದು ಪತ್ರ ಕೈಚೀಲದಲ್ಲಿರಲಿ. ತರುವ ಮುಂಚೆ ಭಾರತದ ನಿಯಮವನ್ನು ಒಮ್ಮೆ ವಿಚಾರಿಸಿಕೊ.

ಸೋಮವಾರ ಅವನನ್ನು ಬಸ್ಸಿಗೆ ಹತ್ತಿಸಬೇಡ, ನೀನೇ ಕರೆದುಕೊಂಡು ಹೋಗು. ಬಾಟಲಿ ಕೊಡುವಾಗ ಅವನೂ ಪಕ್ಕದಲ್ಲಿರಲಿ. ನರ್ಸಿನ ಹೆಸರು ಅವನಿಗೆ ತಿಳಿಯಲಿ, ಅವನ ಹೆಸರನ್ನು ಸರಿಯಾಗಿ ಉಚ್ಚರಿಸುವುದನ್ನು ಅವನೇ ಅವಳಿಗೆ ಕಲಿಸಲಿ. ರಾತ್ರಿ ಎಂಟಕ್ಕೆ, ಅವನು ಮಲಗಿದ ಮೇಲೆ, ಫೋನ್ ಮಾಡು. ಇಲ್ಲಿ ಆಗ ಬೆಳಗಿನ ಆರೂವರೆ. ನಾನು ಎದ್ದಿರುತ್ತೇನೆ.

ನಿನ್ನ ಚಿಕ್ಕಮ್ಮ